ನಕ್ಕರೆ ಲೆಕ್ಕ ಮುಗಿದಂತೆ

ನನಗೊಂದು ರೋಗವಿತ್ತು. ಲೆಕ್ಕದ ದಾರಿ ಹೊಳೆದ ಕೂಡಲೇ ನಗು ಬರುತ್ತಿತ್ತು. ಮುಗುಳ್ನಗೆಯಲ್ಲ, ಕಿಸಕ್ಕೆಂದು ಸುಮ್ಮನಾಗುವ ನಗೆಯೂ ಅಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು, ಬೆಂಚಿನಿಂದ ಜಾರುವಂಥ ನಗು. ಎರಡು ಪುಟದ ಬೀಜಗಣಿತವನ್ನು ಬೆವರು ಸುರಿಸಿ ಬಿಡಿಸಿದರೆ ನನಗೇನೂ ಆಗುತ್ತಿರಲಿಲ್ಲ. ಆದರೆ ಬಾಗಿಲನ್ನು ತಳ್ಳಿ ತಳ್ಳಿ ಸುಸ್ತಾದ ಮೇಲೆ, ಅದು ಎಳೆಯುವ ಬಾಗಿಲು ಎಂದು ಗೊತ್ತಾದರೆ ನೀವೇನು ಮಾಡುತ್ತೀರಿ? ನಾನಂತೂ ನಗುತ್ತಿದ್ದೆ. "ಕಾರಣ ಇಲ್ಲದ ನಗು ದಡ್ಡರ ಗುರುತು ಕಣೇ ರಿಮ್ಮಾ" ಎಂದು ಅಜ್ಜಿ ದಿನಾ ಗೊಣಗುತ್ತಿದ್ದಳು. ಕಾರಣ ಇತ್ತಲ್ಲ! ಅಜ್ಜಿಗೆ ಕಾಣುತ್ತಿರಲಿಲ್ಲ ಅಷ್ಟೆ.

ಮನೆಯಲ್ಲಿ ನಕ್ಕರೆ ಬೈಗುಳದಲ್ಲಿ ಮುಗಿಯುತ್ತಿತ್ತು. ಗಣಿತ ಕಾಳಗದಲ್ಲಿ ನಕ್ಕರೆ ಇಡೀ ತಂಡದ ತಲೆಯ ಮೇಲೆ ಚಪ್ಪಡಿ ಎಳೆದಂತೆ. ನಮ್ಮ ಲೆನಿನ್‌ಗ್ರಾದ್‌ನಲ್ಲಿ ಐಸ್ ಹಾಕಿ ಆಟ ಬಿಟ್ಟರೆ ಮಕ್ಕಳು ಅತಿ ಹೆಚ್ಚು ಕಿತ್ತಾಡುತ್ತಿದ್ದುದು ಇದಕ್ಕೇ. ಎರಡು ಶಾಲೆಯ ತಂಡಗಳಿಗೆ ಅವೇ ಲೆಕ್ಕಗಳನ್ನು ಕೊಟ್ಟು ಬೇರೆ ಬೇರೆ ಕೋಣೆಗೆ ಕಳಿಸುತ್ತಾರೆ. ಆಮೇಲೆ ಎಲ್ಲರೂ ಸಭಾಂಗಣಕ್ಕೆ ಬಂದು ಒಬ್ಬರಿಗೊಬ್ಬರು ಸವಾಲು ಹಾಕಬೇಕು: ಐದನೇ ಲೆಕ್ಕ ಬಿಡಿಸಿ ನೋಡೋಣ! ಎದುರು ತಂಡಕ್ಕೆ ಗೊತ್ತಿದ್ದರೆ ಬೋರ್ಡಿಗೆ ಬಂದು ಬಿಡಿಸಿ ಅಂಕ ಬಾಚಿಕೊಳ್ಳುತ್ತದೆ. ಅವರು ಎಡವಿದರೆ, ಸವಾಲು ಹಾಕಿದವರು ತಪ್ಪು ತೋರಿಸಿ ಅಂಕ ಕಿತ್ತುಕೊಳ್ಳುತ್ತಾರೆ. ಇಷ್ಟೇ ಆಗಿದ್ದರೆ ಸುಲಭವಿತ್ತು. ಎದುರು ತಂಡ "ನೀವೇ ಬಿಡಿಸಿ ತೋರಿಸಿ" ಎಂದೂ ಅನ್ನಬಹುದು. ಆಗ ಸವಾಲು ಹಾಕಿದವರ ಬಳಿಯೇ ಉತ್ತರ ಇಲ್ಲದಿದ್ದರೆ ಮಾನವೂ ಹೋಯಿತು, ಅಂಕವೂ ಹೋಯಿತು. ಹಾಗಾಗಿ ಈ ಕಾಳಗ ಅರ್ಧ ಗಣಿತ, ಇನ್ನರ್ಧ ಇಸ್ಪೀಟು. ಎದುರಿನವರ ಕೈಯಲ್ಲಿ ಯಾವ ಎಲೆ ಇದೆಯೆಂದು ಮುಖ ನೋಡಿಯೇ ಊಹಿಸಬೇಕು.

ನಮ್ಮ ಎಲೆಗಳನ್ನು ಯಾರೂ ಊಹಿಸಬೇಕಾಗಿರಲಿಲ್ಲ. ನನ್ನ ನಗು ಗೋಡೆ ದಾಟಿ ಪಕ್ಕದ ಕೋಣೆಗೆ ಹೋಗುತ್ತಿತ್ತು.

ಇದನ್ನು ಮೊದಲು ಕಂಡುಹಿಡಿದವನು ಕಾಲುವೆಯಾಚೆಯ ಶಾಲೆಯ ನಾಯಕ ವೆನ್ಯಾ. ಉದ್ದ ಕತ್ತು, ದಪ್ಪ ಕನ್ನಡಕ, ಮಾತೆತ್ತಿದರೆ "ಇದರಲ್ಲಿ ಮೂರು ಸಂದರ್ಭಗಳಿವೆ" ಎಂದು ಬೆರಳು ಮಡಚುವ ಹುಡುಗ. ಬಸ್ಸು ತಡವಾದರೂ ಅವನಿಗೆ ಮೂರು ಸಂದರ್ಭಗಳು. ಚಳಿಗಾಲದ ಕಾಳಗದಲ್ಲಿ ಅವನು ತನ್ನ ತಂಡದವನೊಬ್ಬನನ್ನು ಗೋಡೆಗೆ ಕಿವಿ ಹಚ್ಚಿ ಕೂರಿಸಿದ್ದ. ನಾನು ನಕ್ಕಾಗಲೆಲ್ಲ ಅವರಿಗೆ ಸುದ್ದಿ. ನಾವು ನುಣ್ಣಗೆ ಸೋತೆವು. ಸೋತದ್ದಕ್ಕೆ ನಮ್ಮ ನಾಯಕ ಗ್ಲೇಬ್ ನನ್ನ ಮೇಲೆ ಹರಿಹಾಯ್ದ ಪರಿ ಕೇಳಬೇಡಿ.

ಮಾರ್ಚ್ ರಜೆಯಲ್ಲಿ ಅದೇ ಶಾಲೆಯ ಜೊತೆ ಮತ್ತೆ ಕಾಳಗ ಗೊತ್ತಾಯಿತು. ಆ ಬೆಳಿಗ್ಗೆ ಗ್ಲೇಬ್ ತನ್ನ ಕುತ್ತಿಗೆಯ ಉಣ್ಣೆಯ ಮಫ್ಲರನ್ನು ಬಿಚ್ಚಿ ನನ್ನ ಕೈಗೆ ತುರುಕಿದ.

"ನಗು ಬಂದ್ರೆ ಇದನ್ನ ಬಾಯಿಗೆ ತುರುಕ್ಕೋ. ಇವತ್ತು ನಿನ್ನ ನಗು ಹೊರಗೆ ಕೇಳಿಸ್ತೋ, ಸೋಮವಾರದಿಂದ ನೀನು ತಂಡದಲ್ಲಿಲ್ಲ. ಹಾಡೋರ ಗುಂಪಿಗೆ ಸೇರ್ಕೋ. ಅಲ್ಲಿ ಬಾಯಿ ತೆರೆಯೋದೇ ಕೆಲಸ."

"ಅಷ್ಟೊಂದು ಹೊಟ್ಟೆಯುರಿ ಇದ್ರೆ ನೀನೇ ಒಂದೆರಡು ಲೆಕ್ಕ ಬಿಡಿಸು ಮಾರಾಯ" ಎಂದೆ.

ಬಾಯಲ್ಲಿ ಹಾಗೆ ಅಂದೆ, ಆದರೆ ಮಫ್ಲರನ್ನು ಕೋಟಿನ ಕಿಸೆಯಲ್ಲಿ ಜೋಪಾನವಾಗಿಟ್ಟುಕೊಂಡೆ. ಆ ವಯಸ್ಸಿನಲ್ಲಿ ನನಗೆ ಬೇರೇನೂ ಬೇಕಿರಲಿಲ್ಲ. ಒಳ್ಳೆಯ ಕೋಟು ಬೇಕಿರಲಿಲ್ಲ, ಸಿನಿಮಾ ಬೇಕಿರಲಿಲ್ಲ. ಆ ತಂಡದ ಬೆಂಚಿನ ತುದಿಯಲ್ಲಿ ಜಾಗ ಬೇಕಿತ್ತು, ಮತ್ತು ಒಂದೇ ಒಂದು ಸಲ ಬೋರ್ಡಿನ ಮುಂದೆ ನಿಲ್ಲಬೇಕಿತ್ತು. ಲೆಕ್ಕ ನಾನು ಬಿಡಿಸಿದರೂ ಹೇಳಲು ಗ್ಲೇಬ್ ಬೇರೆಯವರನ್ನೇ ಕಳಿಸುತ್ತಿದ್ದ. "ಅಲ್ಲಿ ನಿಂತು ಹಲ್ಲು ಕಿಸಿದ್ರೆ ನಮ್ಮ ಗತಿ ಏನು?" ಎನ್ನುತ್ತಿದ್ದ. ನನ್ನ ಉತ್ತರವನ್ನು ಇನ್ನೊಬ್ಬರು ಸತ್ತವರ ಮುಖ ಹೊತ್ತುಕೊಂಡು ಒಪ್ಪಿಸುವುದನ್ನು ಕೇಳುವ ಸಂಕಟ ಶತ್ರುವಿಗೂ ಬೇಡ.

ಕೋಣೆಯಲ್ಲಿ ಮಫ್ಲರು ಚೆನ್ನಾಗಿಯೇ ಕೆಲಸ ಮಾಡಿತು. ಸಂಖ್ಯೆಗಳ ಲೆಕ್ಕವೊಂದು ಹೊಳೆದಾಗ ನಾನು ಉಣ್ಣೆ ಕಚ್ಚಿಕೊಂಡು, ಮೇಜಿನ ಕೆಳಗೆ ತೂರಿ, ಅಲ್ಲೇ ಮುದುರಿಕೊಂಡು ನಕ್ಕೆ. ಗೋಡೆಯಾಚೆ ನಿಶ್ಶಬ್ದ. ಬಾಯೆಲ್ಲ ಉಣ್ಣೆಯ ಎಳೆ. ಆದರೆ ಕೊನೆಯ ಲೆಕ್ಕ ಮಾತ್ರ ಯಾರಿಗೂ ಜಗ್ಗಲಿಲ್ಲ. ಒಂದು ಮೀಟರ್ ಬದಿಯ ಚೌಕ. ಅದರೊಳಗೆ ಎಷ್ಟೋ ವೃತ್ತಗಳು, ದೊಡ್ಡವು, ಚಿಕ್ಕವು, ಹೇಗೆಂದರೆ ಹಾಗೆ ಬಿದ್ದಿವೆ. ಎಲ್ಲ ವೃತ್ತಗಳ ಸುತ್ತಳತೆ ಕೂಡಿದರೆ ಹದಿನಾರು ಮೀಟರ್. ಕಡಿಮೆಯೆಂದರೂ ಆರು ವೃತ್ತಗಳನ್ನು ತಾಗುವ ಒಂದು ನೇರ ಗೆರೆ ಇದ್ದೇ ಇರುತ್ತದೆ ಎಂದು ಸಾಧಿಸಬೇಕು. ನಾವು ವೃತ್ತ ಬರೆದೆವು, ಗೆರೆ ಎಳೆದೆವು, ಒಬ್ಬರನ್ನೊಬ್ಬರು ಬೈದೆವು, ಕೈಬಿಟ್ಟೆವು.

ಸಭಾಂಗಣದಲ್ಲಿ ಮಧ್ಯಾಹ್ನದವರೆಗೂ ಗುದ್ದಾಟ ನಡೆಯಿತು. ತೀರ್ಪುಗಾರರಲ್ಲಿ ಹಿರಿಯರಾದ ಲಿದಿಯಾ ಸ್ಟೆಪಾನೊವ್ನಾ ಗೆದ್ದವರಿಗೆಂದು ಕಿತ್ತಳೆ ತಂದಿದ್ದರು. ಆ ಕಾಲದಲ್ಲಿ ಕಿತ್ತಳೆಗೆ ಸಾಲಿನಲ್ಲಿ ನಿಂತು ಕಾಲು ಬಿದ್ದುಹೋಗುತ್ತಿತ್ತು. ಹಣ್ಣು ತಣ್ಣಗಿರಲೆಂದು ಬಲೆಚೀಲವನ್ನು ಎಲ್ಲರೂ ಮಾಡುವಂತೆ ಕಿಟಕಿಯ ಹೊರಗೆ ತೂಗುಹಾಕಿದ್ದರು. ನಾವು ನಾಲ್ಕು ಅಂಕ ಹಿಂದಿದ್ದೆವು. ಸವಾಲು ಹಾಕುವ ಸರದಿ ನಮ್ಮದು. ಉಳಿದಿದ್ದದ್ದು ಆ ಹಾಳು ವೃತ್ತಗಳ ಲೆಕ್ಕ ಒಂದೇ. ಸವಾಲು ಹಾಕದೆ ಕೂತರೆ ಅಲ್ಲಿಗೇ ಸೋಲು.

ಗ್ಲೇಬ್ ನನ್ನ ಪಕ್ಕಕ್ಕೆ ಸರಿದು ಪಿಸುಗುಟ್ಟಿದ.

"ವೆನ್ಯಾ ಹತ್ರ ಅರ್ಧ ಉತ್ತರ ಇದೆ ಕಣೇ. ಉಗುರು ಕಚ್ತಿದ್ದಾನೆ ನೋಡು. ನಮ್ಮ ಹತ್ರ ಪೂರ್ತಿ ಇದೆ ಅಂತ ಅವನಿಗೆ ಅನ್ನಿಸ್ಬೇಕು. ಆಗ ಹೆದರ್ಕೊಂಡು ಆ ಅರ್ಧ ಉತ್ತರಾನೇ ಹೊತ್ಕೊಂಡು ತಾನೇ ಬೋರ್ಡಿಗೆ ಬರ್ತಾನೆ. ಅಲ್ಲಿ ನಾನು ಅವನನ್ನ ಹರಿದು ಹಾಕ್ತೀನಿ."

"ಹೇಗೆ ಅನ್ನಿಸೋದು?"

"ನೀನು ನಗು."

"ಏನು?"

"ನಗೇ ಮಾರಾಯ್ತಿ! ಬೆಳಿಗ್ಗೆಯಿಂದ ಬೇಡ ಅಂದ್ರೆ ಬರ್ತಿತ್ತಲ್ಲ, ಈಗ ನಗು!"

ಬಾ ಎಂದರೆ ಬರುವುದಕ್ಕೆ ನಗುವೇನು ಸಾಕಿದ ನಾಯಿಯೇ? ನಾನು ಹಲ್ಲು ಬಿಟ್ಟೆ. "ಹಲ್ಲುನೋವು ಬಂದೋರ ಥರ ಇದೀಯ" ಎಂದ ಗ್ಲೇಬ್. ಆಮೇಲೆ ಕೊನೆಯ ಅಸ್ತ್ರವೆಂದು ನನ್ನ ಕಿವಿಗೆ ಬಾಯಿಟ್ಟು ಕೆಟಲಿನ ಜೋಕು ಶುರುಮಾಡಿದ. ಖಾಲಿ ಕೆಟಲ್ ಕೊಟ್ಟರೆ ಗಣಿತಜ್ಞ ನೀರು ತುಂಬಿ, ಒಲೆ ಹಚ್ಚಿ ಕುದಿಸುತ್ತಾನೆ. ತುಂಬಿದ ಕೆಟಲ್ ಕೊಟ್ಟರೆ ನೀರು ಚೆಲ್ಲಿ "ಇದು ಹಿಂದಿನ ಲೆಕ್ಕವೇ ಆಯಿತು" ಎನ್ನುತ್ತಾನೆ. ನಮ್ಮೂರಲ್ಲಿ ಲೆಕ್ಕ ಕಲಿತ ಪ್ರತಿಯೊಬ್ಬರೂ ಇದನ್ನು ನೂರು ಸಲ ಕೇಳಿದ್ದಾರೆ. ನಾನು ಮೊದಲ ಮಾತಿಗೇ ಕಿವಿ ಮುಚ್ಚಿಕೊಂಡಂತಾಗಿ ಕಿಟಕಿಯ ಕಡೆ ನೋಡಿದೆ.

ಬಿಸಿಲು ಓರೆಯಾಗಿ ಒಳಗೆ ಬಿದ್ದಿತ್ತು. ಚೀಲದ ಕಿತ್ತಳೆಗಳ ನೆರಳು ನೆಲದ ಮೇಲೆ. ನಮಗೆ ಸಿಗದ ಹಣ್ಣು ಎಷ್ಟೆಂದು ತಿಳಿದುಕೊಂಡಾದರೂ ಸಾಯೋಣವೆಂದು ನೆರಳು ಎಣಿಸಲು ಹೊರಟೆ. ಆಗಲಿಲ್ಲ. ನೆರಳುಗಳು ಒಂದರ ಮೇಲೊಂದು ಬಿದ್ದಿದ್ದವು. ಹೊರಗೆ ಅಷ್ಟೊಂದು ಹಣ್ಣು, ನೆಲದ ಮೇಲೆ ಇಷ್ಟೇ ಜಾಗ. ಒಂದರ ಮೇಲೊಂದು ಬೀಳದೆ ಇನ್ನೆಲ್ಲಿ ಬಿದ್ದಾವು? ಮೂರು ನೆರಳು ಕೂಡಿದ ಕಡೆಯಿಂದ ಬಿಸಿಲು ಬಂದ ದಾರಿಯಲ್ಲೇ ಅಜ್ಜಿಯ ಹೆಣಿಗೆ ಕಡ್ಡಿಯನ್ನು ಚುಚ್ಚಿದರೆ ಮೂರೂ ಹಣ್ಣು ಪೋಣಿಸಿಕೊಂಡು ಬರುತ್ತವೆ.

ವೃತ್ತಗಳು! ವೃತ್ತಗಳಿಗೂ ನೆರಳಿದೆ!

ಕಿಸೆಯಲ್ಲಿದ್ದ ಮಫ್ಲರಿನ ನೆನಪೇ ಆಗಲಿಲ್ಲ. ಸಭಾಂಗಣದ ಗಾಜೆಲ್ಲ ಗಲಗಲ ಎನ್ನುವಂತೆ ನಕ್ಕೆ. ಗ್ಲೇಬ್ ತನ್ನ ಜೋಕಿಗೆ ತಾನೇ ಬೆರಗಾಗಿ, ತಕ್ಷಣ ಎದ್ದು ಎದೆಯುಬ್ಬಿಸಿ ಕೂಗಿದ.

"ವೃತ್ತಗಳ ಲೆಕ್ಕಕ್ಕೆ ನಿಮಗೆ ನಮ್ಮ ಸವಾಲು!"

ನಾನು ಅವನ ಅಂಗಿ ಜಗ್ಗಿದೆ. ಹೇಳಲು ಬಾಯಿ ತೆರೆದರೆ ನಗು, ಮುಚ್ಚಿದರೆ ಬಿಕ್ಕಳಿಕೆ. ಅವನು "ಶಭಾಷ್, ಹೀಗೇ ನಗ್ತಾ ಇರು" ಎಂದು ಬೆನ್ನು ತಟ್ಟಿದ.

ಎದುರಿನ ಬೆಂಚಿನಲ್ಲಿ ವೆನ್ಯಾ ಕನ್ನಡಕ ತೆಗೆದು ಒರೆಸಿದ. ನಿಧಾನವಾಗಿ ಎದ್ದ. ಅವನ ತುಟಿಯ ಮೇಲೆ ಒಂದು ಕೆಟ್ಟ ಮುಗುಳ್ನಗೆ.

"ಗ್ಲೇಬ್, ನೀನು ಅವಳಿಗೆ ಹೇಳಿದ್ದು ಕೆಟಲ್ ಜೋಕು ತಾನೆ? ನೀರು ಚೆಲ್ಲೋ ಹಾಗೆ ಕೈ ಮಾಡಿದ್ದು ನೋಡ್ದೆ. ಆ ಜೋಕಿಗೆ ಜಗತ್ತಲ್ಲಿ ಯಾರೂ ನಗಲ್ಲ. ಇವಳು ನಗ್ತಿದ್ದಾಳೆ. ಅಂದ್ಮೇಲೆ ಇದು ನಾಟಕ. ನಾಟಕ ಆಡೋದು ಉತ್ತರ ಇಲ್ಲದೋರು. ಸಾಧಿಸಿದ್ದಾಯ್ತು." ಅವನು ತೀರ್ಪುಗಾರರ ಕಡೆ ತಿರುಗಿದ. "ನಾವು ಬಿಡಿಸಲ್ಲ. ಅವರೇ ಬಿಡಿಸಿ ತೋರಿಸ್ಲಿ."

ಗ್ಲೇಬನ ಮುಖ ಸುಣ್ಣವಾಯಿತು. "ನಮ್ಮ ಹತ್ರ..." ಎಂದು ಶುರುಮಾಡಿದ. "ಇಲ್ಲ" ಅನ್ನುವುದೊಂದು ಬಾಕಿ. ನಾನು ಅವನ ಅಂಗಿಯನ್ನು ಹರಿಯುವಷ್ಟು ಜೋರಾಗಿ ಎಳೆದೆ.

"ಇದೆ... ನನ್ನ ಹತ್ರ... ಇದೆ!"

"ಸಾಕು ಕಣೇ" ಎಂದ ಗ್ಲೇಬ್ ಅಳುದನಿಯಲ್ಲಿ. "ಆಟ ಮುಗೀತು. ಇನ್ನು ಯಾರಿಗೋಸ್ಕರ ನಗ್ತೀಯ?"

ಅವನಿಗೆ ವಿವರಿಸುತ್ತ ಕೂತಿದ್ದರೆ ಸಂಜೆಯಾಗುತ್ತಿತ್ತು. ಬೆಂಚು ಹಾರಿ ಬೋರ್ಡಿಗೆ ಓಡಿದೆ. ನಗುತ್ತಲೇ ಚಾಕ್‌ಪೀಸು ಎತ್ತಿಕೊಂಡೆ. ಚೌಕ ಬರೆದರೆ ಆಲೂಗಡ್ಡೆಯಾಯಿತು. ಸಭೆಗೆ ಬೆನ್ನು ಹಾಕಿ ನಿಂತ ನನ್ನ ಭುಜ ಕುಲುಕುವುದನ್ನು ಕಂಡು ಲಿದಿಯಾ ಸ್ಟೆಪಾನೊವ್ನಾ ಗಾಬರಿಯಾದರು.

"ಅಯ್ಯೋ, ಅಳಬೇಡಮ್ಮ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂದ್ಬಿಡು, ಅದರಲ್ಲೇನು?"

"ಅಳ್ತಿಲ್ಲ, ಲಿದಿಯಾ ಸ್ಟೆಪಾನೊವ್ನಾ" ಎಂದೆ, ಕಣ್ಣೀರು ಒರೆಸಿಕೊಳ್ಳುತ್ತ. "ಚೌಕದ ಮೇಲ್ಗಡೆ... ನೆತ್ತಿಗೆ ಸರಿಯಾಗಿ... ಸೂರ್ಯ ಇದ್ದಾನೆ ಅಂದ್ಕೊಳ್ಳಿ. ಪ್ರತಿ ವೃತ್ತದ ನೆರಳು ಕೆಳಗಿನ ಬದಿ ಮೇಲೆ ಬೀಳುತ್ತೆ. ನೆರಳಿನ ಉದ್ದ ಅಂದ್ರೆ ವೃತ್ತದ ವ್ಯಾಸ."

ಚೌಕದ ಕೆಳಗಿನ ಬದಿಯನ್ನು ಚಾಕ್‌ಪೀಸಿನಿಂದ ದಪ್ಪಗೆ ತಿದ್ದಿದೆ.

"ಸುತ್ತಳತೆ ಎಲ್ಲ ಸೇರಿ ಹದಿನಾರು. ವ್ಯಾಸ ಬೇಕಂದ್ರೆ ಪೈಯಿಂದ ಭಾಗಿಸ್ಬೇಕು. ಮೂರು ಪಾಯಿಂಟ್ ಎರಡರಿಂದ ಭಾಗಿಸಿದ್ರೇನೇ ಸರಿಯಾಗಿ ಐದು ಬರುತ್ತೆ. ಪೈ ಅದಕ್ಕಿಂತ ಚಿಕ್ಕದು. ಹಂಗಾಗಿ ನೆರಳೆಲ್ಲ ಸೇರಿ ಐದು ಮೀಟರಿಗಿಂತ ಜಾಸ್ತಿ. ಬೀಳೋಕೆ ಇರೋ ಜಾಗ ಒಂದೇ ಮೀಟರ್! ಎಲ್ಲ ಕಡೆ ಐದೈದು ಪದರ ಹಾಸಿದ್ರೂ ನೆರಳು ಮಿಗುತ್ತೆ. ಎಲ್ಲೋ ಒಂದು ಕಡೆ ಆರು ನೆರಳು ಒಂದರ ಮೇಲೊಂದು ಬೀಳ್ಲೇಬೇಕು. ಅಲ್ಲಿಂದ ನೆಟ್ಟಗೆ ಮೇಲಕ್ಕೆ ಒಂದು ಗೆರೆ..."

ಗೆರೆ ಎಳೆದೆ. ಆರು ವೃತ್ತಗಳಲ್ಲೂ ತೂರಿಕೊಂಡು ಹೋಯಿತು. ಅದನ್ನು ನೋಡಿ ಮತ್ತೆ ನಗು ಬಂದು ಬೋರ್ಡಿನ ಚೌಕಟ್ಟು ಹಿಡಿದುಕೊಂಡೆ.

ವೆನ್ಯಾ ಎದ್ದು ನಿಂತಿದ್ದ. ತಪ್ಪು ಹುಡುಕುವುದು ಈಗ ಅವನ ಕೆಲಸ.

"ಒಂದು ವೃತ್ತದೊಳಗೇ ಇನ್ನೊಂದು ವೃತ್ತ ಇದ್ರೆ?"

"ನೆರಳೊಳಗೆ ನೆರಳು ಬೀಳುತ್ತೆ. ಎರಡನ್ನೂ ಎಣಿಸು. ಗೆರೆ ಎರಡಕ್ಕೂ ತಾಗುತ್ತೆ."

"ಒಂದಕ್ಕೊಂದು ತಾಗ್ಕೊಂಡಿದ್ರೆ? ಒಂದು ಪೂರ್ತಿ ಮೂಲೇಲಿದ್ರೆ?"

"ಮೂಲೇಲಿರೋರಿಗೆ ನೆರಳಿರಲ್ವೇನೋ?"

ಮೊದಲು ನಕ್ಕವರು ಲಿದಿಯಾ ಸ್ಟೆಪಾನೊವ್ನಾ. ಆಮೇಲೆ ನಮ್ಮ ಬೆಂಚು, ಅವರ ಬೆಂಚು, ಬಾಗಿಲ ಬಳಿ ನಿಂತಿದ್ದ ಮೇಷ್ಟರುಗಳು. ನೋಡನೋಡುತ್ತ ಇಡೀ ಸಭಾಂಗಣ ನನ್ನ ರೋಗ ಹಿಡಿದು ಅಲ್ಲಾಡಿತು. ಅವರೆಲ್ಲ ನಗುತ್ತಿದ್ದದ್ದು ನನ್ನನ್ನು ನೋಡಿ ಅಲ್ಲ, ನಾನು ನೋಡಿದ್ದನ್ನು ನೋಡಿ. ಅಷ್ಟು ಸಂತೋಷ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ. ಪೂರ್ತಿ ಹನ್ನೆರಡು ಅಂಕ ಕೊಟ್ಟರು. ಕಿತ್ತಳೆ ನಮ್ಮದಾಯಿತು.

ಹೊರಗೆ ಮೆಟ್ಟಿಲ ಮೇಲೆ ಸಿಪ್ಪೆ ಸುಲಿಯುತ್ತ ಕೂತಿದ್ದೆವು. ವೆನ್ಯಾ ಬಂದು ಎದುರು ನಿಂತ. ಅವನಿಗೂ ಒಂದು ಹಣ್ಣು ಕೊಟ್ಟೆ. ತಿನ್ನದೆ ಕೈಯಲ್ಲಿ ತಿರುಗಿಸುತ್ತ ಕೇಳಿದ.

"ನಿಜ ಹೇಳು. ನೀನು ನಕ್ಕಿದ್ದು ಲೆಕ್ಕಕ್ಕಾ? ಇಲ್ಲಾ ನಾಟಕ ಆಡ್ತಾ ಆಡ್ತಾ, ಬೋರ್ಡಿನ ಹತ್ರ ಹೋದ್ಮೇಲೆ ಉತ್ತರ ಹೊಳೀತಾ?"

"ಅಥವಾ ಜೋಕಿಗೇ ನಕ್ಕೆನೋ ಏನೋ. ಮೂರು ಸಂದರ್ಭ ಇವೆ ವೆನ್ಯಾ" ಎಂದೆ. "ಯಾವುದು ಅಂತ ನೀನೇ ಸಾಧಿಸು."

ಅವನು ಬೆರಳು ಮಡಚಲು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದ.

"ಹೋಗೇ ಅತ್ಲಾಗೆ! ಅಳೋ ಗಂಡಸನ್ನ, ನಗೋ ಹೆಂಗಸನ್ನ ನಂಬಬಾರದು ಅಂತ ಹಿರೀಕರು ಸುಮ್ನೆ ಹೇಳಿಲ್ಲ. ಇನ್ಮೇಲೆ ನೀನು ನಕ್ಕು ನಕ್ಕು ಸತ್ರೂ ನಾವು ನಂಬಲ್ಲ. ಗೋಡೆ ಹತ್ರ ಯಾರನ್ನೂ ಕೂರಿಸೋದೂ ಇಲ್ಲ."

ಹೇಳಿ, ಹಣ್ಣನ್ನು ಕಿಸೆಗೆ ಹಾಕಿಕೊಂಡು ಟ್ರಾಮಿಗೆ ಓಡಿದ.

ಗ್ಲೇಬ್ ಅಗಿಯುವುದನ್ನು ನಿಲ್ಲಿಸಿದ್ದ. ಅವನ ಕಣ್ಣು ನಿಧಾನವಾಗಿ ಅರಳಿತು. ವೆನ್ಯಾ ಏನು ಕೊಟ್ಟು ಹೋದನೆಂದು ನನಗಿಂತ ಮೊದಲು ಅವನಿಗೆ ತಿಳಿದಿತ್ತು.

"ಮಫ್ಲರ್ ಎಲ್ಲೇ?" ಎಂದ.

ಕೋಟಿನ ಕಿಸೆಯಿಂದ ತೆಗೆದು ಕೊಟ್ಟೆ. ಒಂದು ತುದಿ ಇನ್ನೂ ಒದ್ದೆಯಾಗಿತ್ತು. ಅವನು ಅದನ್ನು ಕೊಡವಿ ತನ್ನ ಕುತ್ತಿಗೆಗೇ ಸುತ್ತಿಕೊಂಡ.

"ಚಳಿ ಆಗ್ತಿತ್ತು ಬೆಳಿಗ್ಗೆಯಿಂದ" ಎಂದ. "ಸೋಮವಾರ ಬೇಗ ಬಾ. ಸಂಖ್ಯೆಗಳ ಲೆಕ್ಕ ತರ್ತೀನಿ. ಅಂದಹಾಗೆ ರಿಮ್ಮಾ, ನನ್ನ ಜೋಕು ಚೆನ್ನಾಗಿತ್ತು ತಾನೆ?"

"ಯಾವ ಜೋಕು?" ಎಂದೆ. ಅವನ ಮುಖ ನೋಡಿ ತಡೆಯಲಾಗಲಿಲ್ಲ. ಬೀದಿಯಲ್ಲಿ ಹೋಗುವವರೆಲ್ಲ ತಿರುಗಿ ನೋಡುವಂತೆ ನಕ್ಕೆ, ಮತ್ತು ಯಾರೂ ನನ್ನ ಬಾಯಿ ಮುಚ್ಚಿಸಲಿಲ್ಲ.