ಹುಲುಗಮ್ಮನ ತೋಳ

ಈ ಲೋಕದಲ್ಲಿ ಮರ್ಯಾದೆ ಕೊಡಬೇಕಾದಂಥವರು ಮಾರೆಪ್ಪನ ಕಣ್ಣಿಗೆ ಹೆಚ್ಚು ಮಂದಿ ಬಿದ್ದಿರಲಿಲ್ಲ. ದೇವನಕೊಂಡದ ಕಡೆಯ ಆ ಊರಿನಲ್ಲಿ ಹೊಲ ಮಾಡುವವರು ಅವನ ಪಾಲಿಗೆ ಮಣ್ಣು ಕೆದರುವವರು, ಅಂಗಡಿ ಇಟ್ಟವರು ಕೂತಲ್ಲೇ ಕೊಬ್ಬಿದವರು, ಮೇಷ್ಟ್ರುಗಳಂತೂ ಸಂಬಳಕ್ಕಾಗಿ ಗಂಟಲು ಹರಿದುಕೊಳ್ಳುವವರು. ಮನುಷ್ಯ ಅಂದರೆ ಕುರಿ ಕಾಯುವವನು, ಅದರಲ್ಲೂ ಖುದ್ದು ಮಾರೆಪ್ಪ. ಇಂಥವನ ಮನೆಯಲ್ಲಿ, ಅವನು ಕಟ್ಟಿಕೊಂಡ ಹೆಂಡತಿಯೇ, ಹಾಡಹಗಲಿನಲ್ಲಿ ಕುರಿಹಟ್ಟಿಯ ಮುಂದೆ ಕೂತು ಫೋನಿನೊಳಗೆ ತೋಳ ಸಾಕುತ್ತಿದ್ದಳು.

ಅದೊಂದು ಆಟ. ತೆರೆದರೆ ಒಂದು ಕಾಡು, ಕಾಡಿನ ಅಂಚಿಗೆ ಗುಡಿಸಲು, ಗುಡಿಸಲ ಮುಂದೆ ಬೇಲಿ, ಬೇಲಿಯೊಳಗೆ ಒಂದು ಕುರಿಮರಿ. ಕಾಡಿನಲ್ಲಿ ತೋಳ ಅಲೆಯುತ್ತಿರುತ್ತದೆ. ಮಾಂಸದ ಚಿತ್ರ ಒತ್ತಿದರೆ ಅದರ ಮುಂದೆ ಮಾಂಸ ಬೀಳುತ್ತದೆ. ಆಮೇಲೆ ಸುಮ್ಮನೆ ಕೂತಿರಬೇಕು. ಅವಸರ ಮಾಡಿದರೆ ತೋಳ ಹಿಂದೆ ಸರಿಯುತ್ತದೆ. ದಿನಾ ಇಷ್ಟಿಷ್ಟೇ ಹತ್ತಿರ ಬಂದು, ಕೊನೆಗೆ ಬಾಗಿಲಲ್ಲಿ ಮಲಗಿದರೆ ಅದು ನಮ್ಮದಾದ ಹಾಗೆ. ಓಡಿಸುವುದಕ್ಕೆ ಒಂದು ಕೋಲಿನ ಚಿತ್ರವೂ ಇತ್ತು. ಹುಲುಗಮ್ಮ ಅದನ್ನು ಮುಟ್ಟುತ್ತಿರಲಿಲ್ಲ. ತೋಳಕ್ಕೆ ಕೆಂಚಿ ಅಂತ ಹೆಸರನ್ನೂ ಇಟ್ಟಿದ್ದಳು.

“ಹೋದ ಬ್ಯಾಸಿಗ್ಯಾಗ ತೋಳ ಹಟ್ಟ್ಯಾಗಿನ ಮರಿ ಹೊತ್ಕೊಂಡು ಹೋತು. ನೀ ಅದನ್ನ ಊಟಕ್ಕ ಕರೀತಿ. ಥೂ!” ಎಂದು ಮಾರೆಪ್ಪ ಉಗಿದ.

“ಅದು ಬ್ಯಾರೆ, ಇದು ಬ್ಯಾರೆ.”

“ಹೌದೌದು. ನೀಲಿ ಕಣ್ಣು, ಬೆಕ್ಕಿನಂಥ ಬಾಲ. ಯಾವನೋ ಸಾವ್ಕಾರನ ನಾಯಿ ತೋಳದ ವ್ಯಾಷ ಹಾಕೈತಿ.”

ಅವನ ಸಿಟ್ಟಿಗೆ ನಿಜವಾದ ಕಾರಣ ತೋಳವಲ್ಲ, ಫೋನು. ಅದು ಅಳಿಯನ ಅಂಗಡಿಯಿಂದ ಬಂದದ್ದು. ಮಗಳು ನಾಗಜ್ಯೋತಿ ಅಪ್ಪನನ್ನು ಒಂದು ಮಾತೂ ಕೇಳದೆ ಆದೋನಿಯ ಶಿವಕೃಷ್ಣನನ್ನು ಮದುವೆಯಾಗಿದ್ದಳು. ಹುಡುಗ ಕುರುಬರವನೇ. ಆದರೆ ಫೋನ್ ರಿಪೇರಿ ಮಾಡುವವನು, ಕುರಿಯ ಹಲ್ಲು ನೋಡಿ ವಯಸ್ಸು ಹೇಳಲು ಬಾರದವನು. ಮಾರೆಪ್ಪ ಮದುವೆಗೆ ಹೋಗಲಿಲ್ಲ. ಆ ಮನೆಯಿಂದ ಫೋನ್ ಕರೆ ಬರಬಾರದು, ಈ ಮನೆಯಿಂದ ಹೋಗಬಾರದು ಎಂದು ದೇವರ ಅರಿಶಿನದ ಬಂಡಾರ ಮುಟ್ಟಿಸಿ ಹೆಂಡತಿಯಿಂದ ಆಣೆ ಮಾಡಿಸಿದ.

ಹುಲುಗಮ್ಮ ಆಣೆ ಮುರಿಯುವ ಹೆಂಗಸಲ್ಲ. ಮುರಿಯದೆಯೇ ದಾರಿ ಹುಡುಕಿದಳು. ಆ ಆಟದಲ್ಲಿ ಒಂದೇ ತೋಳವನ್ನು ಇಬ್ಬರು ಕೂಡಿ ಸಾಕಬಹುದಿತ್ತು. ಬೆಳಿಗ್ಗೆ ಆದೋನಿಯಲ್ಲಿ ಮಗಳು ಮಾಂಸ ಹಾಕಿದರೆ ತಾಯಿಯ ಫೋನಿನಲ್ಲಿ ಹೆಜ್ಜೆಗುರುತು ಮೂಡುತ್ತಿತ್ತು. ಮಗಳು ಎದ್ದಿದ್ದಾಳೆ, ಕೈಕಾಲು ಗಟ್ಟಿಯಾಗಿದ್ದಾಳೆ ಎಂದು ಅಷ್ಟರಿಂದಲೇ ತಿಳಿಯುತ್ತಿತ್ತು. ಸಂಜೆಯ ಪಾಳಿ ತಾಯಿಯದು. ಉಳಿದ ಸುದ್ದಿಯನ್ನು, ಊರಿನಿಂದ ಆದೋನಿಗೆ ಆಟೊ ಓಡಿಸುವ ಅಂಜಿ ಬಾಯಲ್ಲೇ ಹೊತ್ತು ತರುತ್ತಿದ್ದ.

ಇದೆಲ್ಲ ಮಾರೆಪ್ಪನಿಗೆ ಗೊತ್ತಾದದ್ದು ನಾಗಜ್ಯೋತಿಗೆ ದಿನ ತುಂಬುತ್ತಾ ಬಂದಾಗ. ಹುಲುಗಮ್ಮನೇ ಬಾಯಿ ಬಿಟ್ಟಳು.

“ಚೊಚ್ಚಲ ಬಾಣಂತನ ತವರಾಗ ಆಗಬೇಕು. ನೀ ಹೋಗಿ ಕರ್ಕೊಂಡು ಬಾ.”

“ನಾನು? ಬೇಕಿದ್ರ ಆಕೀನ ಬರ್ಲಿ. ಬಾಗಿಲು ಯಾರರ ಕಿತ್ಕೊಂಡು ಹೋಗ್ಯಾರೇನು?”

“ಕರೀದ ಹ್ಯಾಂಗ ಬರಬೇಕು ಅಂತಾಳ. ಕಡೀಗೆ ಅಂಜಿ ಕೈಯಾಗ ಹೇಳಿ ಕಳಿಸ್ಯಾಳ. ಕೆಂಚಿ ನಮ್ಮ ಬಾಗಿಲಿಗೆ ಬಂದು ಮಲಗಿದ ದಿನ ತಾನೂ ಬರ್ತಾಳಂತ, ಅಪ್ಪ ಕರೀಲಿ ಬಿಡ್ಲಿ.”

ಮಾರೆಪ್ಪ ನಕ್ಕ. ಅವನು ನಕ್ಕರೆ ಎದುರಿನವರಿಗೆ ಮೈ ಉರಿಯುತ್ತದೆ. “ನನ್ನ ಮಗಳು ತವರಿಗೆ ಬರೋದು ತೋಳದ ಕೈಯಾಗ ಐತೇನು?”

“ಮತ್ತೇನ್ ಮಾಡ್ಲಿ? ನೀ ಬಾ ಅನ್ನಂಗಿಲ್ಲ. ತೋಳನಾದ್ರೂ ಬರ್ಲಿ.”

ಅಂದಿನಿಂದ ಅವನ ಹಂಗಿಸುವ ಧಾಟಿಯೇ ಬದಲಾಯಿತು. ಕುರಿ ಹೊಡೆದುಕೊಂಡು ಬಂದವನು ಕಂಬಳಿ ಕೊಡವುತ್ತಾ, “ಎಲ್ಲಿಗೆ ಬಂದಾಳ ನಿಮ್ಮ ಬೀಗತಿ? ಇನ್ನೂ ಕಾಡಿನಾಗ ಇದಾಳೋ?” ಎನ್ನುತ್ತಿದ್ದ. ಬೇಲಿ ಹತ್ತಿರ ಬಂದೈತಿ ಎಂದರೆ ಮೂಗು ಮುರಿಯುತ್ತಿದ್ದ. ಹಿಂದೆ ಹೋಗೈತಿ ಎಂದರೆ ಮಾತ್ರ ಊಟ ಸೇರುತ್ತಿರಲಿಲ್ಲ. ಮಗಳು ಬರಲಿ ಎಂದು ಒಳಗೊಳಗೇ ಜೀವ ಬಿಡುತ್ತಿದ್ದ, ಆದರೆ ಬಾ ಎಂಬ ಒಂದಕ್ಷರ ಆಡಲು ಈ ಮಹಾರಾಯನಿಗೆ ನಾಲಿಗೆ ಏಳಲಿಲ್ಲ.

ಹೆರಿಗೆ ಸುಸೂತ್ರವಾಗಲಿ ಎಂದು ಹುಲುಗಮ್ಮ ಉರುಕುಂದದ ಈರಣ್ಣನಿಗೆ ಹರಕೆ ಹೊರಬೇಕೆಂದಿದ್ದಳು. ಗುಡಿಗೆ ಹೊರಟ ದಿನ ಫೋನನ್ನು ಗಂಡನ ಕೈಗಿಟ್ಟಳು. ಗುಡಿಯ ಗದ್ದಲದಲ್ಲಿ ಯಾರಾದರೂ ಹಾರಿಸಿಬಿಟ್ಟಾರೆಂಬ ಹೆದರಿಕೆ.

“ಕೆಂಚಿ ಬೇಲಿ ಮುಟ್ಟೈತಿ. ಇವತ್ತು ಒಳಗ ಬಂದೇ ಬರ್ತೈತಿ. ಮಾಂಸ ಹಾಕಿ ಸುಮ್ನ ಕುಂದ್ರು. ಕೋಲು ಮುಟ್ಟಬ್ಯಾಡ.”

“ನನಗ ತೋಳದ ಪಾಠ ಹೇಳ್ತೀಯೇನು? ನಡಿ ನಡಿ!”

ಅವಳು ಹತ್ತಿದ ಆಟೊದ ಸದ್ದು ಅಡಗುವವರೆಗೆ ಕಾದು, ಅವತ್ತು ಕುರಿಗಳನ್ನು ತಮ್ಮನ ಜೊತೆ ಅಟ್ಟಿ, ಮಾರೆಪ್ಪ ಬಾಗಿಲು ಮುಂದೆ ಮಾಡಿಕೊಂಡು ಕೂತ. ಊರವರು ಕಂಡರೆ ಮಾನ ಹೋಗುತ್ತದಲ್ಲ! ಮಾಂಸದ ಚಿತ್ರ ಒತ್ತಿದ. ಬಿತ್ತು. ಕೆಂಚಿ ಬೇಲಿಯಾಚೆ ನಿಂತು ಮೂಸಿ ನೋಡಿತು. “ತಿನ್ನು, ತಿನ್ನು. ನಿಮ್ಮಪ್ಪನ ಗಂಟೇನು ಹೋಗ್ತೈತಿ” ಎಂದ. ತಿಂದಿತು. ತಿಂದು ಬೇಲಿ ಸಂದಿಯಲ್ಲಿ ಮುಂಗಾಲು ಇಟ್ಟಿತು.

ಮಾರೆಪ್ಪ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದ. ಆದೋನಿಯಲ್ಲಿ ಮಗಳೂ ಇದನ್ನೇ ನೋಡುತ್ತಿರಬೇಕು ಅನ್ನಿಸಿ ಮೈ ಜುಮ್ಮೆಂದಿತು. ಇಷ್ಟು ಖುಷಿ ಅವನಿಗೆ ಎಷ್ಟೋ ಕಾಲದಿಂದ ಆಗಿರಲಿಲ್ಲ. “ಬಾರವ್ವಾ, ಬಾ” ಎಂದ, ಎದುರಿಗೆ ಯಾರೂ ಇಲ್ಲದ್ದರಿಂದ ಬಾಯಿ ತುಂಬ ಎಂದ. ಕೆಂಚಿ ಅಂಗಳಕ್ಕೆ ಬಂತು. ಬಾಗಿಲ ಕಡೆ ನಡೆಯುತ್ತಿದ್ದದ್ದು ನಡುವೆ ನಿಂತು, ಅಲ್ಲೇ ಇದ್ದ ಕುರಿಮರಿಯ ಕುತ್ತಿಗೆಯ ಹತ್ತಿರ ಮೂತಿ ಚಾಚಿತು.

“ಹೋಯ್! ಹೋಯ್! ಹಿಡೀರಲೇ!” ಮಾರೆಪ್ಪ ಕೂತಲ್ಲಿಂದ ಎಗರಿ ಬಿದ್ದ. ಹೆಬ್ಬೆರಳು ಕೋಲಿನ ಚಿತ್ರದ ಮೇಲೆ ಬಿತ್ತು. ಒಂದು ಸಲವಲ್ಲ, ತೋಳದ ಬೆನ್ನು ಮುರಿಯುವ ಹಾಗೆ ಮತ್ತೆ ಮತ್ತೆ ಬಿತ್ತು. ಕೆಂಚಿ ಬಾಲ ಮುದುರಿ ಬೇಲಿ ಹಾರಿ, ಕಾಡಿನೊಳಗೆ ಹೋಗಿ ಕಾಣದಾಯಿತು. ಕುರಿಮರಿ ಆರಾಮಾಗಿ ನಿಂತಿತ್ತು. ಅದು ಬರೀ ಚಿತ್ರ ಎಂದು ಕುರಿಗಾರನ ತಲೆಗೆ ಹೊಳೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಫೋನು ಹೊಡೆದುಕೊಂಡಿತು. ಗಾಬರಿಯಲ್ಲಿ ಒತ್ತಿ ಕಿವಿಗಿಟ್ಟ.

“ಅವ್ವಾ, ಏಮೈಂದಿ, ಏನಾತು? ಕೋಲು ಯಾಕ ಒತ್ತಿದಿ? ಮೈಗೆ ಆರಾಮ ಇಲ್ಲೇನು?” ನಾಗಜ್ಯೋತಿಯ ದನಿ. ಏದುಸಿರು ಬಿಡುತ್ತಿದ್ದಳು.

ಮಾರೆಪ್ಪ ಕೆಮ್ಮಿದ.

“ಅಪ್ಪಾ?” ಎಂದಳು ಸಣ್ಣಗೆ. “ನೀನಾ ಆಡ್ತಿದ್ದದ್ದು? ನಾನು ಬರ್ಲಿ ಅಂತ?”

ದೇವರೇ ತಟ್ಟೆಯಲ್ಲಿಟ್ಟು ಕೊಟ್ಟಂಥ ಮಾತು. ಹೂಂ ಅಂದಿದ್ದರೆ ಸಾಕಿತ್ತು. ಬಾ ಅನ್ನುವುದೂ ಬೇಕಿರಲಿಲ್ಲ. ಆದರೆ ಮಾರೆಪ್ಪ ಫೋನ್ ಹಿಡಿದು ತೋಳ ಕಾಯುತ್ತಿದ್ದದ್ದು ಮಗಳಿಗೆ ಗೊತ್ತಾಯಿತಲ್ಲ! ಅವಮಾನಕ್ಕೆ ಕಿವಿ ಕಾದವು, ಅಭ್ಯಾಸವಾದ ನಾಲಿಗೆ ತಾನಾಗಿಯೇ ಎದ್ದಿತು.

“ನಾನಾ? ಈ ಹುಚ್ಚಾಟಾನ? ತೋಳ ಬಂದ್ರ ಕುರುಬ ಓಡಿಸ್ದೆ ಆರತಿ ಎತ್ತಬೇಕೇನು? ನಿನ್ನ ಗಂಡಗ ಕೆಲಸ ಇಲ್ಲ, ನಿನಗ ಬುದ್ಧಿ ಇಲ್ಲ.”

ನಾಗಜ್ಯೋತಿ ಅಳಲಿಲ್ಲ. ಅತ್ತಿದ್ದರೆ ಅವನು ಕರಗಿಬಿಡುತ್ತಿದ್ದನೇನೋ.

“ಸರೇ. ನಮ್ಮತ್ತಿ ಬಾಣಂತನ ಇಲ್ಲೇ ಮಾಡ್ತೀನಿ ಅಂದಾಳ. ನಾನ ಹೂಂ ಅಂದಿರ್ಲಿಲ್ಲ. ಈಗ ಅಂತೀನಿ” ಎಂದು ಫೋನ್ ಇಟ್ಟಳು.

ಇಳಿಹೊತ್ತಿಗೆ ಅಂಜಿಯ ಆಟೊ ಮನೆಯ ಮುಂದೆ ನಿಂತಿತು. ಹುಲುಗಮ್ಮ ಪ್ರಸಾದದ ಚೀಲ ಹಿಡಿದು ಇಳಿದಳು, ಇಳಿಯುತ್ತಲೇ ಕೇಳಿದಳು.

“ಕೆಂಚಿ ಬಂತೇನು?”

“ಬಂದಿತ್ತು.”

“ಜ್ಯೋತಿ? ಆಕೀದೇನರ ಸುದ್ದಿ?”

“ಆಕೀನೂ ಬರ್ತಿದ್ಲು” ಎಂದ ಮಾರೆಪ್ಪ. ಹಂಗಿಸಲು ಎದುರಿಗೆ ಬೇರೆ ಯಾರೂ ಸಿಗದೆ ನೆಲ ನೋಡಿದ. “ಇಬ್ರನ್ನೂ ಓಡಿಸಿಬಿಟ್ಟೆ.”

ಹುಲುಗಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಬೈಯಲಿಲ್ಲ. ಫೋನ್ ಕೂಡ ಕೇಳಲಿಲ್ಲ. ಚೀಲ ಹಿಡಿದುಕೊಂಡೇ ತಿರುಗಿ, ಹೊರಡುತ್ತಿದ್ದ ಆಟೊಗೆ ಕೈ ಅಡ್ಡ ಹಿಡಿದಳು.

“ಅಂಜೀ, ಆದೋನಿಗೆ ನಡಿಯಪ್ಪಾ. ನನ್ನ ಮಗಳ ಬಾಣಂತನ ಅಲ್ಲೇ ಹೋಗಿ ಮಾಡ್ತೀನಿ” ಎಂದು ಹತ್ತಿ ಕೂತಳು.