ಔಷಧಿ ಹೊಡೆದ ದಿನದ ಕೂಟ

ಸಿಂಗತೋಕಾ ಹೊಳೆಯ ದಂಡೆಯಲ್ಲಿ ಬದನೆಗೆ ಔಷಧಿ ಹೊಡೆಯುವ ದಿನವೆಂದರೆ ಗಂಡಸರಿಗೆ ಅರ್ಧ ದಿನದ ಕೆಲಸ, ಅರ್ಧ ದಿನದ ಹಬ್ಬ. ಶೋಭ್ನಾ ಅಂದು ಬೇಗನೆ ರೊಟ್ಟಿ ಲಟ್ಟಿಸಿ, ಟಿನ್ ಮೀನಿನ ಸಾರು ಮಾಡಿ ಗಂಡ ಸಲೇಂದ್ರನಿಗೆ ಬುತ್ತಿ ಕಟ್ಟಿದಳು. ಬೇಲಿಯಾಚೆ ಬಿಸೇಸರ್ ಕಾಕಾನ ಸೊಸೆ ಅಂಜಿಲಾ ಕೂಡ ತನ್ನ ಗಂಡ ಧರ್ಮೇನ್‌ಗೆ ಅದನ್ನೇ ಕಟ್ಟುತ್ತಿದ್ದಳು.

ಸಲೇಂದ್ರ ಅಂಗಳದಲ್ಲಿ ಪಂಪನ್ನು ಬೆನ್ನಿಗೇರಿಸುತ್ತಿದ್ದ.

"ಆ ಪಂಪು ಸೋರ್ತಿದೆ ಕಣ್ರೀ. ಕೆಳಗೆಲ್ಲ ಒದ್ದೆ ನೋಡಿ."

"ಒಂಚೂರು ಸೋರಿದ್ರೆ ಏನಾಯ್ತು? ಸಾಯೋಕೆ ನಾನೇನು ಬದನೆ ಹುಳಾನಾ?"

"ಕೈಗವಸಾದ್ರೂ ಹಾಕ್ಕೊಳ್ಳಿ. ಶಾಲೆ ಮೀಟಿಂಗಲ್ಲಿ ಆ ಕೃಷಿ ಇಲಾಖೆಯವರು ಅಷ್ಟು ಬಡ್ಕೊಂಡ್ರಲ್ಲ!"

"ಹಾಕ್ಕೊಂಡು ಹೋದ್ರೆ ಕಾಕಾ ಎಲ್ಲರೆದುರು ಮದುಮಗಳು ಬಂದ್ಲು ಅಂತಾರೆ. ನಿನಗೆ ಬೇಕಾ ಅದು?" ಎಂದು ನಕ್ಕು ಅವನು ಹೊರಟ. ನಗುವಾಗ ಅವನ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಆ ಗುಳಿಗೆ ಸೋತೇ ಶೋಭ್ನಾ ಎಷ್ಟೋ ಜಗಳಗಳನ್ನು ಅರ್ಧಕ್ಕೆ ಬಿಟ್ಟಿದ್ದಳು.

ಆ ದಂಡೆಯ ಗಂಡಸರಲ್ಲಿ ಒಂದು ರೂಢಿ. ಔಷಧಿ ಹೊಡೆದು ಮುಗಿಸಿದವರು ಮೀಯುವುದಿಲ್ಲ, ಬಟ್ಟೆ ಬದಲಿಸುವುದಿಲ್ಲ. ಕಾದ ಮೈಗೆ ನೀರು ಬಿದ್ದರೆ ಜ್ವರ ಬರುತ್ತದೆಂದು ಹೇಳಿಕೊಂಡು ನೇರ ಬಿಸೇಸರ್ ಕಾಕಾನ ಶೆಡ್ಡಿಗೆ ಹೋಗಿ ನಂಗೋನಾ ಕುಡಿಯಲು ಕೂರುತ್ತಾರೆ. ಕೂಟದಲ್ಲಿ ಕಿರಿಯನಾದವನು ಬೇರಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ, ನೀರಲ್ಲಿ ಕೈಯಾರೆ ಹಿಸುಕಬೇಕು. ಮೈಗೆ ಹತ್ತಿದ ವಿಷವನ್ನೆಲ್ಲ ನಂಗೋನಾ ತೊಳೆದು ಹಾಕುತ್ತದಂತೆ! ಎಂಥ ಮಾತು! ಆ ಪಾನಕ್ಕೆ ನಾಲಿಗೆ ಮರಗಟ್ಟುತ್ತದೆ, ಕೈಕಾಲು ಭಾರವಾಗುತ್ತವೆ, ಹೊಟ್ಟೆ ತೊಳಸುತ್ತದೆ. ವಿಷ ಏರಿದವನಿಗೂ ಹಾಗೆಯೇ ಆಗುತ್ತದೆ. ಯಾವುದು ಯಾವುದೆಂದು ನೋಡುವವರು ಯಾರು?

ಮಧ್ಯಾಹ್ನ ಕಳೆದರೂ ಸಲೇಂದ್ರ ಮನೆಗೆ ಬರಲಿಲ್ಲ. ಶೋಭ್ನಾ ಶೆಡ್ಡಿನ ಬಾಗಿಲಿಗೇ ಹೋದಳು. ಒಳಗೆ ಚಾಪೆಯ ಮೇಲೆ ಗಂಡಸರು ಸುತ್ತುವರಿದು ಕೂತಿದ್ದರು. ನಡುವೆ ಮರದ ಬೋಗುಣಿ. ಅವಳ ಗಂಡ ಮೊಣಕೈವರೆಗೆ ಕೈ ಅದ್ದಿ ಹಿಸುಕುತ್ತಿದ್ದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಔಷಧಿಯ ಕಮಟು ವಾಸನೆ ಬಾಗಿಲಿಗೇ ಬಡಿಯುತ್ತಿತ್ತು.

"ರೀ, ಎದ್ದು ಬನ್ನಿ. ಮಿಂದು ಬಂದು ಕೂತ್ಕೊಳ್ಳಿ."

ಯಾರೋ ಕಿಸಕ್ಕೆಂದರು. ಬಿಸೇಸರ್ ಕಾಕಾ ಚಿಪ್ಪಿನ ಬಟ್ಟಲನ್ನು ಕೆಳಗಿಟ್ಟ. "ಏನು ಸೊಸೆ, ಗಂಡನ್ನ ಹಗ್ಗ ಹಾಕಿ ಎಳ್ಕೊಂಡು ಹೋಗೋಕೆ ಬಂದ್ಯಾ?"

"ಅವರ ಬೆನ್ನು ನೋಡಿ ಕಾಕಾ, ನೆಂದು ತೊಪ್ಪೆಯಾಗಿದೆ. ಔಷಧಿ ಬಾಯಿಂದಲೇ ಹೋಗಬೇಕು ಅಂತಿಲ್ಲ, ಚರ್ಮದಿಂದ್ಲೂ ಒಳಗಿಳಿಯುತ್ತೆ. ಅದೇ ಕೈಲಿ ಹಿಸುಕಿದ್ದನ್ನ ನೀವೆಲ್ಲ ಕುಡೀತಿದ್ದೀರಿ!"

"ನಿನ್ನ ಗಂಡ ಹುಟ್ಟೋಕೆ ಮುಂಚಿಂದ ಔಷಧಿ ಹೊಡೀತಿದ್ದೀನಿ ಕಣಮ್ಮ. ನಾನೇನು ಸತ್ತೋಗಿದ್ದೀನಾ? ಇಲ್ಲಿ ಕೂತಿರೋದು ನನ್ನ ದೆವ್ವಾನಾ?"

ಶೆಡ್ಡು ಘೊಳ್ಳೆಂದಿತು. ಸಲೇಂದ್ರನ ಮುಖ ಕೆಂಪೇರಿತು. ಗಂಡಸರ ಕೂಟದಿಂದ ಹೆಂಡತಿ ಕರೆದಳೆಂದು ಎದ್ದು ಹೋದವನನ್ನು ಆ ದಂಡೆ ಸಾಯುವವರೆಗೂ ಆಡಿಕೊಳ್ಳುತ್ತದೆ. ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು.

"ಮನೆಗೆ ನಡಿ ಶೋಭ್ನಾ. ಮಾನ ತೆಗೀಬೇಡ," ಎಂದ ಅವನು, ತಲೆ ಎತ್ತದೆ.

ಅವಳು ಹಿಂದಿರುಗಿದಳು. ಬೆನ್ನ ಹಿಂದೆ ಬಟ್ಟಲು ಬರಿದು ಮಾಡಿದವನಿಗೆ ಹೊಡೆಯುವ ಚಪ್ಪಾಳೆ ಕೇಳಿತು, ಮುಂದಿನ ಸುತ್ತು ತುಂಬಿಸಲು "ತಾಕಿ!" ಎಂಬ ಕೂಗೂ ಕೇಳಿತು.

ಸ್ವಲ್ಪ ಹೊತ್ತಿಗೆಲ್ಲ ಇಲಿಯೆಸಾ ಅಂಗಳಕ್ಕೆ ಬಂದ. ಮೇಲಿನ ಹಳ್ಳಿಯವನು, ಜನ, ಸರಕು ಸಾಗಿಸುವ ಕ್ಯಾರಿಯರ್ ಗಾಡಿ ಓಡಿಸುವವನು, ಸಲೇಂದ್ರನ ಜೊತೆ ಶಾಲೆಯಲ್ಲಿ ಓದಿದವನು. ಅವನೂ ಕೂಟದಿಂದಲೇ ಎದ್ದು ಬಂದಿದ್ದ.

"ಸಲೇನ್ ವಾಂತಿ ಮಾಡ್ಕೊಂಡ. ಎಲ್ರೂ ನಗ್ತಿದಾರೆ. ನನಗ್ಯಾಕೋ ಸರಿ ಕಾಣ್ತಿಲ್ಲ, ಬಾ."

ಶೋಭ್ನಾ ಬರಿಗಾಲಲ್ಲಿ ಓಡಿದಳು. ಸಲೇಂದ್ರನನ್ನು ಗೋಡೆ ಬದಿಗೆ ಮಲಗಿಸಿ ತಲೆಯಡಿಗೆ ಗೋಣಿಚೀಲ ಕೊಟ್ಟಿದ್ದರು. ಬಾಯಿಂದ ಜೊಲ್ಲು ನಿಲ್ಲದೆ ಹರಿಯುತ್ತಿತ್ತು, ಮೈಯೆಲ್ಲ ಬೆವರು. ತೊಡೆಯ ಮಾಂಸ ತನ್ನಷ್ಟಕ್ಕೇ ಅದುರುತ್ತಿತ್ತು. ಶಾಲೆ ಮೀಟಿಂಗಲ್ಲಿ ಹೇಳಿದ ವಿಷದ ಗುರುತು ನೆನಪಾಗಿ ಅವಳು ರೆಪ್ಪೆ ಎತ್ತಿ ನೋಡಿದಳು. ಕಣ್ಣಪಾಪೆ ಸೂಜಿ ಚುಚ್ಚಿದಷ್ಟೇ ಇತ್ತು.

"ಮಲಗಲಿ ಬಿಡಮ್ಮ, ಇಳಿದ ಮೇಲೆ ಏಳ್ತಾನೆ," ಎಂದ ಕಾಕಾ. "ಇವತ್ತು ಗಟ್ಟಿಯಾಗಿ ಕಲಸಿದ್ದ, ನನ್ನ ನಾಲಿಗೇನೂ ಹಿಡ್ಕೊಂಡಿದೆ."

"ಇದು ನಂಗೋನಾ ಅಲ್ಲ ಕಾಕಾ! ಸಾಯ್ತಿದಾರೆ ನನ್ನ ಗಂಡ, ಕಣ್ಣು ಕಾಣಲ್ವಾ ನಿಮಗೆ?"

ಇಲಿಯೆಸಾ ಅವನನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಗಾಡಿಗೇರಿಸಿದ. ಕಾಕಾನೂ ಹತ್ತಿದ. ಆರೋಗ್ಯ ಕೇಂದ್ರದ ನರ್ಸಮ್ಮ ಏನಾಯಿತೆಂದು ಕೇಳಿದಾಗ ಅವನು ಮುಂದೆ ಬಂದು "ನಂಗೋನಾ ಜಾಸ್ತಿಯಾಯ್ತು" ಎಂದ. ಮಾನ ಉಳಿಸುವ ಮಾತು! "ಸುಳ್ಳು, ಔಷಧಿ, ಔಷಧಿ!" ಎಂದು ಶೋಭ್ನಾ ಕಿರುಚಿದಳು. ನರ್ಸಮ್ಮ ಕತ್ತರಿಯಿಂದ ಅಂಗಿ ಕತ್ತರಿಸಿ ತೆಗೆದಳು, ಸೋಪು ಹಚ್ಚಿ ನೀರು ಸುರಿದಳು, ಸೂಜಿ ಚುಚ್ಚಿದಳು.

"ಆ ಬಟ್ಟೇನ ಇಷ್ಟು ಹೊತ್ತು ಮೈಮೇಲೆ ಯಾಕೆ ಬಿಟ್ರಿ?" ಎಂದು ಅವಳು ಕೇಳಿದಳು.

ಪೇಟೆಯ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ, ಹೆಂಡತಿಯ ಮಡಿಲಲ್ಲಿ ತಲೆಯಿಟ್ಟುಕೊಂಡೇ ಸಲೇಂದ್ರ ಉಸಿರು ಬಿಟ್ಟ. ಮೀಯುವಷ್ಟು ಹೊತ್ತು ಎದ್ದು ಹೋಗಲು ನಾಚಿದವನು ಶಾಶ್ವತವಾಗಿ ಎದ್ದು ಹೋದ.

ಸೂತಕದ ದಿನಗಳಲ್ಲಿ ಸಂಜೆ ಸಂಜೆಗೆ ಗಂಡಸರು ಸತ್ತವನ ಅಂಗಳದಲ್ಲಿ ಸೇರಿ ನಂಗೋನಾ ಕುಡಿಯುವುದು ಅಲ್ಲಿಯ ಪದ್ಧತಿ. "ಅವನ ಗುಂಡಿಗೇನೇ ವೀಕು ಇತ್ತು," ಎಂದು ಕಾಕಾ ಬಂದವರಿಗೆಲ್ಲ ಹೇಳುತ್ತಿದ್ದ. ಹೇಳಿ ಹೇಳಿ ಅವನೇ ಅದನ್ನು ನಂಬಿಬಿಟ್ಟಿದ್ದ. ಒಂದು ಸಂಜೆ ಧರ್ಮೇನ್ ಮತ್ತಿಬ್ಬರು ತೋಟದಿಂದ ನೇರ ಬಂದರು. ಅದೇ ಕಮಟು ವಾಸನೆ. ಧರ್ಮೇನ್ ಅಂಗಿಯ ತೋಳು ಮಡಚಿ ಬೋಗುಣಿಯ ಮುಂದೆ ಕೂತ.

ಶೋಭ್ನಾ ಬಿಳಿ ಸೀರೆಯಲ್ಲೇ ಹೊರಗೆ ಬಂದು ಬೋಗುಣಿಯನ್ನು ಎತ್ತಿ ನೀರನ್ನು ಅಂಗಳಕ್ಕೆ ಚೆಲ್ಲಿದಳು.

"ಔಷಧಿ ಹೊಡೆದ ಮೈಯಲ್ಲಿ ಈ ಅಂಗಳದಲ್ಲಿ ಯಾರೂ ಕೂರಬೇಡಿ. ಅಲ್ಲಿ ನಲ್ಲಿ ಇದೆ. ಮಿಂದು ಬನ್ನಿ, ನಾನೇ ಚಾಪೆ ಹಾಸ್ತೀನಿ."

ಕಾಕಾನ ಮೀಸೆ ಅದುರಿತು. "ಗಂಡ ಸತ್ತ ದುಃಖಕ್ಕೆ ತಲೆ ಕೆಟ್ಟಿದೆ ಪಾಪ. ಏಳ್ರೋ, ನಮ್ಮ ಶೆಡ್ಡಿಗೆ ಹೋಗೋಣ."

ಒಬ್ಬೊಬ್ಬರಾಗಿ ಎದ್ದರು. ಯಾರೊಬ್ಬರೂ ನಲ್ಲಿಯ ಕಡೆ ತಿರುಗಲಿಲ್ಲ. ಬೇಲಿಯಾಚೆಯ ಶೆಡ್ಡಿನಲ್ಲಿ ದೀಪ ಹತ್ತಿತು. ಧರ್ಮೇನ್ ಹೊಸ ನೀರಿಗೆ ಕೈ ಹಾಕಿ ಹಿಸುಕತೊಡಗಿದ್ದು ಇಲ್ಲಿಂದಲೇ ಕಾಣುತ್ತಿತ್ತು. ಬೇಲಿಗೆ ಆತು ಅಂಜಿಲಾ ಒಬ್ಬಳೇ ನಿಂತಿದ್ದಳು, ತುಟಿ ಬಿಳಿಚಿಕೊಂಡು.

"ಅಂಜಿಲಾ, ಹೋಗು. ಕೈ ಹಿಡಿದು ಎಬ್ಬಿಸ್ಕೊಂಡು ಬಾ ಅವನನ್ನ. ನನ್ನ ಹಾಗೆ ಹಿಂದಕ್ಕೆ ಬರಬೇಡ, ನಿನ್ನ ಕಾಲಿಗೆ ಬೀಳ್ತೀನಿ."

ಅಂಜಿಲಾ ಶೆಡ್ಡಿನತ್ತ ನೋಡಿದಳು. ಒಂದು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಒಳಗೆ ಚಪ್ಪಾಳೆ ಬಿತ್ತು, ಅವಳು ಅಲ್ಲೇ ನಿಂತಳು.

"ಹೇಗೆ ಹೋಗಲಿ ಅಕ್ಕಾ," ಎಂದಳು, ಅಳುತ್ತ. "ಗಂಡಸರು ಕೂತಿದಾರಲ್ಲ."