ನುಂಗಿದ ‘ಳು’

ಯಾರಿಗೂ ಹೇಳದ ಒಂದು ಸಣ್ಣ ಚಿಂತೆ ನನಗಿದೆ: ನಾನು ಕ್ರಿಯಾಪದಗಳ ಬಾಲ ನುಂಗುತ್ತೇನೆ. ‘ಅಮ್ಮ ಪೇಟೆಗೆ ಹೋ...’, ‘ಅಪ್ಪ ಪೇಪರ್ ಓ...’ ಅಷ್ಟರಲ್ಲಿ ನನ್ನ ಧೈರ್ಯ ಮುಗಿದಿರುತ್ತದೆ. ಹನ್ನೊಂದು ವರ್ಷದವಳಿದ್ದಾಗ ವಿಜಾಪುರದ ಮದುವೆಯೊಂದರಲ್ಲಿ, ಪುಣೆಯ ಮರಾಠಿ ಶಾಲೆಯಲ್ಲಿ ಪಳಗಿದ ನಾಲಿಗೆಯಿಂದ, ‘ಶಂಕ್ರೆಪ್ಪ ಮಾಮಾ ಬಂದಳು’ ಎಂದುಬಿಟ್ಟೆ. ಮೂರು ದಿನ ಹಂದರದ ತುಂಬ ಮಾಮಾ ‘ಶಂಕ್ರೆವ್ವ’ ಆದರು. ಮಾಮಾ ನಕ್ಕು ಮರೆತರು. ನಾನು ಮರೆಯಲಿಲ್ಲ. ಬಿ.ಎ. ಮುಗಿದರೂ ನನ್ನ ವಾಕ್ಯಗಳು ಮುಗಿಯುವುದಿಲ್ಲ.

ಇಂಥ ನನ್ನನ್ನು, ೨೦೦೩ರ ಜನವರಿಯಲ್ಲಿ, ಕಾಲೇಜಿನಲ್ಲಿ ಜತೆಗಿದ್ದ ಅವಧೂತ ತನ್ನ ಸಾಕ್ಷ್ಯಚಿತ್ರಕ್ಕೆ ಕನ್ನಡದ ದನಿಯಾಗಿ ಕರೆದ. ಚಿತ್ರ ಚಂದಮ್ಮನವರ ಬದುಕಿನದು. ಇಂಡಿ ಕಡೆಯವರು, ಪುಣೆಯ ಖಡಕಿ ಬಜಾರಿನಲ್ಲಿ ರೊಟ್ಟಿ ಖಾನಾವಳಿ ನಡೆಸುತ್ತಾರೆ. ಹುಟ್ಟಿದಾಗ ಮನೆಯವರು ಗಂಡು ಕೂಸೆಂದು ಓಣಿಗೆಲ್ಲ ಪೇಢೆ ಹಂಚಿದ್ದರಂತೆ; ಹೆಣ್ಣಾದರೆ ಆ ಕಡೆ ಜಿಲೇಬಿ. “ಜಿಲೇಬಿ ಹಂಚಬೇಕಿತ್ತು. ಅದು ಹಂಚಿದವ್ರ ತಪ್ಪು, ನಂದಲ್ಲ,” ಎಂಬುದು ಚಂದಮ್ಮನವರ ವಾದ. ಹದಿನೆಂಟು ವರ್ಷದ ಹಿಂದೆ ಸೀರೆ ಉಟ್ಟು, ರೊಟ್ಟಿ ಹಂಚನ್ನು ಬಗಲಲ್ಲಿಟ್ಟುಕೊಂಡು ಪುಣೆಗೆ ಬಂದರು. ಶಾಯಿಯಲ್ಲಿ ಬರೆಯುವಾಗ ನುಂಗಲು ಬರುವುದಿಲ್ಲ. ಅದಕ್ಕೇ ನನ್ನ ಈ ಡೈರಿಯಲ್ಲಿ ಚಂದಮ್ಮನವರಿಗೆ ‘ರು’. ‘ರು’ ಎಂದರೆ ಯಾರಿಗೂ ಸಿಟ್ಟು ಬರುವುದಿಲ್ಲ ಎಂದುಕೊಂಡಿದ್ದೆ.

ಅವಧೂತನ ಮನೆಯ ಬಟ್ಟೆ ಕಪಾಟೇ ನಮ್ಮ ಸ್ಟುಡಿಯೋ. ಅವನ ಆಯಿಯ, ಎಂದರೆ ಅಮ್ಮನ, ಸೀರೆಗಳ ನಡುವೆ, ಡಾಂಬರ್ ಗುಳಿಗೆಯ ವಾಸನೆಯಲ್ಲಿ, ಮೈಕು ಹಿಡಿದು ಕೂತು ಓದಿದೆ: ‘ಚಂದಮ್ಮ ಪುಣೆಗೆ ಬಂ... ಖಾನಾವಳಿ ತೆರೆ... ಮೊದಲ ಸಲ ಮನಸಾರೆ ನಕ್...’

ಅವಧೂತನಿಗೆ ಕನ್ನಡ ಬರುವುದಿಲ್ಲ. “ಕಾಯ ಪಾಜ್ ಆಹೆ!” ಎಂದು ನನ್ನ ವಿರಾಮಗಳನ್ನು ಹೊಗಳಿದ. ನನ್ನ ಹೆದರಿಕೆ ಅವನಿಗೆ ಕಲೆಯಾಗಿ ಕೇಳಿಸಿತ್ತು.

ಹೊರಗೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದ ಚಂದಮ್ಮನವರಿಗೆ ಕನ್ನಡ ಬರುತ್ತದೆ.

“ಏ ನೀತಾ, ಹೊರಗ ಬಾ. ‘ಬಂ’ ಅಂದ್ರ ಏನು? ಬಂದ್ನೋ, ಬಂದ್ಳೋ, ಬಂತೋ? ಇಂಡಿಯಿಂದ ಹೊಂಟಾಕಿನ್ನ ಹಿಂಗ ಬಾಗಲದಾಗ ನಿಂದರಸಬ್ಯಾಡ. ಮತ್ತ ‘ನಕ್’ ಅಂದ್ರ? ನಾ ಅರ್ಧಾ ನಕ್ಕೇನೇನು?”

“‘ಬಂದರು’ ಅಂತ ಮಾಡ್ಲೇನ್ರಿ?” ಎಂದೆ, ಸೀರೆಗಳ ಸಂದಿಯಿಂದ.

“ರು ಬ್ಯಾಡ! ನಮ್ಮಕ್ಕ ಸಾಬವ್ವಂದೂ ಇದ ಆಟ. ತಮ್ಮ ಅನ್ನಾಕ ಮನಸಿಲ್ಲ, ತಂಗಿ ಅನ್ನಾಕ ಧೈರ್ಯಿಲ್ಲ. ಊರಾಗ ಯಾರರೆ ಕೇಳಿದ್ರ ‘ಅವರು ಪುಣೇಕ ಹೋಗ್ಯಾರ್ರಿ’ ಅಂತಾಳ. ಗಂಡಗೂ ಅವರು, ನನಗೂ ಅವರು! ಸಾಬವ್ವನ ಗಂಡ ಓಡಿಹೋದಾಂತ ಓಣಿ ತುಂಬ ಸುದ್ದಿ. ಅಂವಾ ಪಾಪ, ಕಟ್ಟಿ ಮ್ಯಾಲೆ ಕೂತು ಎಲಿ ಅಡಿಕಿ ಹಾಕ್ಕೋತಿದ್ದ!”

ನಗು ತಡೆದೆ, ಬದಲಿಗೆ ಸೀನು ಬಂತು. ಹೊರಗೆ ದನಿ ಇಳಿಯಿತು.

“ಐತ್ವಾರ ಅಕ್ಕ ಬರ್ತಾಳ, ಪಿಚ್ಚರ್ ನೋಡಾಕ. ಹದಿನೆಂಟು ವರ್ಷದ ಮ್ಯಾಲೆ. ನೀ ಡಿಗ್ರಿ ಆದಾಕಿ. ಪುಸ್ತಕದ ಕನ್ನಡದಾಗ ಒಮ್ಮೆ ‘ಬಂದಳು’ ಅಂದ್ಯಂದ್ರ ಅಕಿ ಬಾಯಾಗೂ ಬಂದೀತು, ಯವ್ವಾ. ಅಷ್ಟ ನನಗ ಬೇಕಾಗಿದ್ದು.”

ಐದು ಸಲ ಓದಿದೆ. ಒಮ್ಮೆ ಸೀನು. ಒಮ್ಮೆ ಕಾರ್ಖಾನೆಯ ಭೋಂಗಾ ಕೂಗಿತು. ಒಮ್ಮೆ ಅವಧೂತನ ಆಯಿ ಶಾಲು ಹುಡುಕುತ್ತ ಕಪಾಟು ತೆರೆದು, ಒಳಗೆ ನನ್ನನ್ನು ಕಂಡು ಕಿರುಚಿದರು. ಉಳಿದೆರಡು ಸಲ ಯಾವ ಅಡ್ಡಿಯೂ ಇರಲಿಲ್ಲ; ನಾನೇ ನುಂಗಿದೆ. “ರಾಹೂ ದೇ,” ಎಂದ ಅವಧೂತ. ಇರಲಿ ಬಿಡು, ಮೊದಲಿನ ಪಾಜೇ ಮಸ್ತ್. ಚಂದಮ್ಮನವರು ಬೆಳ್ಳುಳ್ಳಿ ಬುಟ್ಟಿ ಎತ್ತಿಕೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಭಾನುವಾರ ಬೆಳಿಗ್ಗೆ ಖಡಕಿಯ ಹೋಟೆಲೊಂದರ ಮಾಳಿಗೆಯಲ್ಲಿ ಪ್ರದರ್ಶನ. ಅಕ್ಕನನ್ನು ಕರೆತರಲು ಚಂದಮ್ಮನವರು ಸ್ವಾರಗೇಟ್ ಬಸ್‌ಸ್ಟ್ಯಾಂಡಿಗೆ ಹೋಗಿದ್ದರು. ಅಕ್ಕ ಅದಕ್ಕೂ ಮೊದಲು ಬರುವ ಹಡಪಸರದಲ್ಲೇ ಇಳಿದು, ಚೀಟಿ ತೋರಿಸಿ ರಿಕ್ಷಾ ಹಿಡಿದು, ನೇರ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು.

“ನಾ ಸಾಬವ್ವ, ಇಂಡಿದಾಕಿ. ಅವರು ಎಲ್ಲಿ ಅದಾರವಾ?”

ಕಾಯುವಂತಿರಲಿಲ್ಲ, ಊಟದ ಹೊತ್ತಿಗೆ ಮಾಳಿಗೆ ಬಿಟ್ಟುಕೊಡಬೇಕಿತ್ತು. ದೀಪ ಆರಿತು. ‘ಚಂದಮ್ಮ ಪುಣೆಗೆ ಬಂ...’

ಸಾಬವ್ವ ನನ್ನ ಮೊಣಕೈ ತಿವಿದರು. “ಯಾಕವಾ, ಹೇಳಾಕಿ ಬಾಯಾಗ ಎಲಿ ಅಡಿಕಿ ಅದ ಏನು?”

ಹಿಂದಿನ ಸಾಲಿನಲ್ಲಿ ಕೂತಿದ್ದ ಖಾನಾವಳಿಯ ಕನ್ನಡ ಗಿರಾಕಿಗಳು ನಕ್ಕರು. ‘ಖಾನಾವಳಿ ತೆರೆ...’ “ತೆರದ್ರು!” ಎಂದು ಯಾರೋ ಊಹಿಸಿದರು. ‘ಮನಸಾರೆ ನಕ್...’ “ನಕ್ಕಿತು!” “ಏ, ನಕ್ಕರಪಾ!” ಒಗಟು ಬಿಡಿಸುವ ಆಟವೇ ಶುರುವಾಯಿತು. ಜನ ತಲ್ಲೀನರಾಗಿದ್ದಾರೆಂದು ಅವಧೂತ ಹಿಗ್ಗಿದ. ಸಾಬವ್ವ ಮಾತ್ರ ನಗಲಿಲ್ಲ. ಪ್ರತಿ ಅರ್ಧ ಮಾತಿಗೂ ಪರದೆಯತ್ತ ಬಾಗಿ, ಉಳಿದರ್ಧಕ್ಕೆ ಕಾಯುತ್ತಿದ್ದರು.

ಆಗ ಬಾಗಿಲು ತೆರೆಯಿತು. ಬೆನ್ನಿಗೆ ಬೆಳಕು, ಮುಖ ಕಾಣುವಂತಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಸೆರಗು, ಏದುಸಿರು, ಕೈಯಲ್ಲಿ ಪಾಕ ಸೋರುವ ಜಿಲೇಬಿ ಪೊಟ್ಟಣ. ಕತ್ತಲಿಗೆ ಕಣ್ಣು ಹೊಂದದೆ ಆ ಕಾಲುಗಳು ಹೊಸ್ತಿಲಲ್ಲೇ ನಿಂತವು.

ಸಾಬವ್ವ ನನ್ನ ಕೈ ಹಿಡಿದರು.

“ಯಾರವಾ ಬಂದವರು? ಅವರೇನು?”

ಮಾತು ಗಂಟಲಿಗೆ ಬಂತು. ಎಂದಿನಂತೆ ಹಿಂದಿರುಗಲು ನೋಡಿತು. ವಿಜಾಪುರದ ಆ ಹಂದರದ ತುಂಬ ಎದ್ದ ನಗು ಮತ್ತೆ ಕೇಳಿಸಿತು.

“ಅವರಲ್ರಿ,” ಎಂದೆ, ಮಾಳಿಗೆಗೆಲ್ಲ ಕೇಳುವಷ್ಟು ಜೋರಾಗಿ. “ಅಕಿ. ನಿಮ್ಮ ತಂಗಿ ಬಂದಳು.”